ಅರ್ಧ ಗಂಟೆಯ ಊಟ

ತೂಕ ಇಳಿಸುವ ಆಪರೇಷನ್ ಮಾಡಿ ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಕೊಟ್ಟ ಹಾಳೆಯಲ್ಲಿ ಹದಿನಾಲ್ಕು ಸೂಚನೆಗಳಿದ್ದವು. ಮಾತ್ರೆಗಳ ಬಗ್ಗೆ ಐದು, ಗಾಯದ ಬಗ್ಗೆ ಎರಡು, ಉಳಿದದ್ದೆಲ್ಲ ಊಟದ ಬಗ್ಗೆ. ಅವುಗಳಲ್ಲಿ ಒಂದು ಹೀಗಿತ್ತು: ಪ್ರತಿ ಊಟಕ್ಕೂ 20ರಿಂದ 30 ನಿಮಿಷ ತೆಗೆದುಕೊಳ್ಳಿ, ಕೂತು, ಚೆನ್ನಾಗಿ ಅಗಿದು, ನಿಧಾನವಾಗಿ ಉಣ್ಣಿ.

ನಾನು ಅದನ್ನು ಓದಿ ಹೇಳಿದಾಗ ಅಕ್ಕ ನಕ್ಕುಬಿಟ್ಟರು. "ಅರ್ಧ ಗಂಟೆ ಕೂತು ಉಂಡಿದ್ದು ನನ್ನ ಮದುವೆ ದಿನ ಒಂದೇ ಮೇಡಂ. ಅವತ್ತೂ ಫೋಟೋದವನು ಬಿಡ್ಲಿಲ್ಲ."

ನಾನೂ ನಕ್ಕು ಮುಂದಿನ ಸೂಚನೆಗೆ ಹೋದೆ. ಈ ಪ್ರಕರಣದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದೇ.

ನಾನು ಶಿವಮೊಗ್ಗದಲ್ಲಿ ಆಹಾರ ಸಲಹೆ ಕೊಡುವ ಕೆಲಸ ಮಾಡುತ್ತೇನೆ. ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡವರು ಹೆಚ್ಚಾಗಿ ಬೆಂಗಳೂರು, ಮಂಗಳೂರಿಗೆ ಹೋಗಿ ಮಾಡಿಸಿಕೊಂಡು ಬರುತ್ತಾರೆ. ಆಮೇಲಿನ ವರ್ಷಗಳನ್ನು ಮಾತ್ರ ಇಲ್ಲೇ, ತಮ್ಮ ಮನೆಯ ಅಡುಗೆಮನೆಯಲ್ಲೇ ಕಳೆಯಬೇಕಾಗುತ್ತದೆ. ಅಂಥ ಒಬ್ಬರ ಹದಿನೆಂಟು ತಿಂಗಳ ಕತೆ ಇದು. ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದಿರಲಿ ಎಂದು ಕೆಲವು ವಿವರ ಬದಲಿಸಿದ್ದೇನೆ. ಹೆಸರಿನ ಬದಲು ಅಕ್ಕ ಎಂದೇ ಬರೆಯುತ್ತೇನೆ, ನಾನು ಕರೆಯುತ್ತಿದ್ದುದೂ ಹಾಗೇ.

ಮನೆ ಮತ್ತು ಮೈ

ಸಾಗರದ ಕಡೆಯ ಅಡಿಕೆ ತೋಟದ ಮನೆ. ಸಸ್ಯಾಹಾರಿಗಳು. ಗಂಡ, ಎಪ್ಪತ್ತನಾಲ್ಕು ವರ್ಷದ ಅತ್ತೆ, ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಓದುವ ಮಗಳು, ಹೈಸ್ಕೂಲಿಗೆ ಹೋಗುವ ಮಗ. ತೋಟಕ್ಕೆ ಬರುವ ಆಳುಗಳಿಗೂ ಮಧ್ಯಾಹ್ನದ ಊಟ ಇಲ್ಲೇ. ಅಡಿಕೆ ಗೊನೆ ಕೊಯ್ಲಿನ ತಿಂಗಳುಗಳಲ್ಲಿ ದಿನಕ್ಕೆ ಹತ್ತು ಹನ್ನೆರಡು ಎಲೆ ಬೀಳುತ್ತದೆ. ಅಡುಗೆ ಮಾಡುವುದು ಅಕ್ಕ ಒಬ್ಬರೇ.

ಅವರಿಗೆ ಆಗ ನಲವತ್ತಮೂರು. ಎತ್ತರ 156 ಸೆಂಟಿಮೀಟರ್, ತೂಕ 108 ಕಿಲೋ. ಲೆಕ್ಕ ಹಾಕಿದರೆ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಎಂದು ಹೇಳುವ ಅಂಕಿ, 44ರ ಮೇಲೆ ಬರುತ್ತದೆ. ಏಳು ವರ್ಷದಿಂದ ಸಕ್ಕರೆ ಕಾಯಿಲೆ, ಬೆಳಿಗ್ಗೆ ರಾತ್ರಿ ಇನ್ಸುಲಿನ್. ಮೂರು ತಿಂಗಳ ಸಕ್ಕರೆ ಸರಾಸರಿ ತೋರಿಸುವ ಎಚ್‌ಬಿಎ1ಸಿ 9.2. ಬಿಪಿ ಮಾತ್ರೆ ಎರಡು. ಮಂಡಿ ನೋವು. ಗೊರಕೆ ಎಷ್ಟಿತ್ತೆಂದರೆ ನಡುವೆ ಉಸಿರು ನಿಂತುಹೋಗುತ್ತಿತ್ತು, ಗಂಡ ಎದ್ದು ಕೂತು ಕಾಯುತ್ತಿದ್ದರು. ಡಯಟ್ ಮಾಡಿರಲಿಲ್ಲ ಅಂತಲ್ಲ. ಮೂರು ಸಲ ಹತ್ತು ಹತ್ತು ಕಿಲೋ ಇಳಿಸಿ, ಮೂರು ಸಲವೂ ಹನ್ನೆರಡು ಏರಿಸಿಕೊಂಡಿದ್ದರು.

ಖರ್ಚಿನ ಬಗ್ಗೆ ಒಂದು ಮಾತು. ಇದು ಸೌಂದರ್ಯದ ಆಪರೇಷನ್, ವಿಮೆ ಸಿಗಲ್ಲ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಲ್ಲಿ ಬಿಎಂಐ 40 ಅಥವಾ ಮೇಲಿದ್ದರೆ, ಇಲ್ಲವೇ 35 ಅಥವಾ ಮೇಲಿದ್ದು ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ತೀವ್ರ ನಿದ್ರಾ ಉಸಿರುಗಟ್ಟುವಿಕೆಯಂಥ ತೊಂದರೆ ಇದ್ದರೆ, ವೈದ್ಯರ ಸಲಹೆಯ ಮೇಲೆ ಮಾಡಿಸಿದ ಆಪರೇಷನ್ನನ್ನು ಸುಮ್ನೆ ಹೊರಗಿಡುವ ಹಾಗಿಲ್ಲ. ಪಾಲಿಸಿ ಮಾಡಿಸಿದ ಮೇಲಿನ ಕಾಯುವ ಅವಧಿಯೂ ಮುಗಿದಿರಬೇಕು. ಇವರ ಪಾಲಿಸಿ ಹಳೆಯದು, ಹಾಗಾಗಿ ಬಚಾವಾದರು.

ಆಪರೇಷನ್ ಆದದ್ದು ಬೆಂಗಳೂರಿನಲ್ಲಿ, ಏಪ್ರಿಲ್‌ನಲ್ಲಿ. ಕೊಯ್ಲು ಮುಗಿದು ಮಳೆ ಶುರುವಾಗದ ಹೊತ್ತು ನೋಡಿಕೊಂಡು ಹೋದರು. ಮಾಡಿದ್ದು ಗ್ಯಾಸ್ಟ್ರಿಕ್ ಬೈಪಾಸ್. ಹೊಟ್ಟೆಯ ಮೇಲ್ಭಾಗದಲ್ಲಿ ಸುಮಾರು 30 ಮಿಲಿ ಹಿಡಿಯುವ ಪುಟ್ಟ ಚೀಲವನ್ನಷ್ಟೇ ಬೇರೆ ಮಾಡಿ, ಸಣ್ಣ ಕರುಳನ್ನು ಮೇಲೆತ್ತಿ ತಂದು ಅದಕ್ಕೆ ಜೋಡಿಸುತ್ತಾರೆ. ಉಳಿದ ಹೊಟ್ಟೆ ಒಳಗೇ ಇರುತ್ತದೆ, ಆದರೆ ಊಟ ಅದರ ದಾರಿ ಹಿಡಿಯುವುದಿಲ್ಲ. ಕರುಳಿನ ಮೊದಲ ಭಾಗವೂ ತಪ್ಪಿಹೋಗುತ್ತದೆ. 30 ಮಿಲಿ ಅಂದರೆ ಎರಡು ದೊಡ್ಡ ಚಮಚ. ಅಕ್ಕ ಅದನ್ನು ತಮ್ಮ ಅಳತೆಗೆ ತಂದುಕೊಂಡದ್ದು ಹೀಗೆ: "ದೇವರ ತೀರ್ಥದ ಉದ್ಧರಣೆ ಇದ್ಯಲ್ಲ, ಅದರಲ್ಲಿ ನಾಲ್ಕೈದು."

ಇದು ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಎಂಬ ಸರ್ಜನ್ 1966ರಲ್ಲೇ ಶುರು ಮಾಡಿದ್ದು. ಹುಣ್ಣಿಗಾಗಿ ಹೊಟ್ಟೆಯ ಒಂದಷ್ಟು ಭಾಗ ತೆಗೆಸಿಕೊಂಡವರು ಸಣ್ಣಗಾಗುವುದನ್ನು ಕಂಡು ಹೊಳೆದ ದಾರಿ. ನಮ್ಮ ಕಡೆ ಈಗಲೂ "ಹೊಟ್ಟೆ ಕತ್ತರಿಸ್ಕೊಂಡ್ಳಂತೆ" ಅನ್ನುತ್ತಾರೆ.

ತಿಳಿ, ಗಂಜಿ, ತಳದ ಬೇಳೆ

ಆಸ್ಪತ್ರೆಯ ಹಾಳೆ ಇಂಗ್ಲಿಷಿನಲ್ಲಿತ್ತು. ಅದರಲ್ಲಿ ಬ್ರಾತ್ ಇತ್ತು, ಪ್ಯೂರಿ ಇತ್ತು, ಸ್ಕ್ರ್ಯಾಂಬಲ್ಡ್ ಎಗ್ ಇತ್ತು. ಅವರ ಮನೆಯಲ್ಲಿ ಮೊಟ್ಟೆ ಹೊಸಿಲು ದಾಟಿ ಒಳಗೆ ಬರುವುದಿಲ್ಲ. ನನ್ನ ಮೊದಲ ಕೆಲಸ ಆ ಹಾಳೆಯನ್ನು ಸಾಗರದ ಅಡುಗೆಗೆ ಇಳಿಸುವುದಾಗಿತ್ತು.

ಮೊದಲ ಎರಡು ವಾರ ಬರೀ ನೀರಾಗಿರುವುದು. ಬೇಳೆ ಕಟ್ಟು ಸೋಸಿದ್ದು, ಮಜ್ಜಿಗೆ, ಎಳನೀರು ಸ್ವಲ್ಪ, ಸಕ್ಕರೆ ಹಾಕದ ಹಾಲು, ಪ್ರೋಟೀನ್ ಪುಡಿ ಕಲಸಿದ ಹಾಲು. ಇಲ್ಲಿ ಮಲೆನಾಡಿನ ಅಡುಗೆ ನಮ್ಮ ಕೈಹಿಡಿಯಿತು. ಒಂದೆಲಗದ ತಂಬುಳಿಯನ್ನು ಮೆಣಸಿಲ್ಲದೆ, ಒಗ್ಗರಣೆಯಿಲ್ಲದೆ ಸೋಸಿದರೆ ಅದಕ್ಕಿಂತ ಒಳ್ಳೆಯದು ಬೇಕಾ? ಮೂರನೇ ವಾರದಿಂದ ರುಬ್ಬಿದ್ದು, ಕಿವುಚಿದ್ದು. ಐದನೇ ವಾರದ ಹೊತ್ತಿಗೆ ಮೆತ್ತಗಿನದು. ಎರಡು ತಿಂಗಳಾದ ಮೇಲೆ ಮನೆಯ ಊಟ, ಅಳತೆಯಲ್ಲಿ.

ಕಷ್ಟವಾದದ್ದು ಪ್ರೋಟೀನ್. ದಿನಕ್ಕೆ 60 ಗ್ರಾಂ ಆದರೂ ಬೇಕು. ಇಲ್ಲದಿದ್ದರೆ ಕರಗುವುದು ಕೊಬ್ಬಿನ ಜೊತೆ ಮಾಂಸಖಂಡ ಕೂಡ. ನಮ್ಮ ಸಾರಿನಲ್ಲಿ ಬೇಳೆ ಇರುತ್ತದೆ ನಿಜ, ಆದರೆ ಅದು ತಳದಲ್ಲಿ. ಮೊದಲು ಬಡಿಸುವುದು ಮೇಲಿನ ತಿಳಿ. ಕೊನೆಗೆ ಉಣ್ಣುವ ಅಡುಗೆಯವಳಿಗೆ ತಳದ್ದಾದರೂ ಸಿಗಬೇಕಲ್ವಾ? ಅದೂ ಇಲ್ಲ, ಗಸಿ ಅಂದರೆ ಆಳುಗಳಿಗೆ ಇಷ್ಟವಂತೆ. ಹಾಗಾಗಿ ಸಾರು ಒಗ್ಗರಣೆಗೆ ಹೋಗುವ ಮೊದಲೇ ಬೆಂದ ಬೇಳೆ ಒಂದು ಬಟ್ಟಲು ತೆಗೆದಿಡುವುದು ಅಂತಾಯಿತು. ನಾವು ಹಾಕಿಕೊಂಡ ಲೆಕ್ಕ ಇದು. ದಿನದಲ್ಲಿ ಅರ್ಧ ಲೀಟರ್ ಹಾಲು, ಮೊಸರು ಸೇರಿ 16 ಗ್ರಾಂ. ಪನೀರ್ 50 ಗ್ರಾಂ ತಿಂದರೆ 9. ಒಣ ಲೆಕ್ಕದಲ್ಲಿ 30 ಗ್ರಾಂ ಬೇಳೆಗೆ 7. ಸೋಯಾ ತುಣುಕು 20 ಗ್ರಾಂ ನೆನೆಸಿ ಪುಡಿ ಮಾಡಿ ಪಲ್ಯಕ್ಕೆ ಹಾಕಿದರೆ 10. ಉಳಿದ ಹದಿನೆಂಟು ಪುಡಿಯಿಂದ.

ಪುಡಿ ಅಂದರೆ ಅತ್ತೆಗೆ ಆಗದು. "ಮನೆ ತುಂಬ ಹಾಲು ಇಟ್ಕೊಂಡು ಡಬ್ಬಿ ಪುಡಿ ಕಲಸಿ ಕುಡೀತಾಳೆ." ಅದು ಹಾಲಿನಿಂದಲೇ ತೆಗೆದ ಪುಡಿ ಎಂದು ನಾನು ಹೇಳಿದೆ. "ಹಾಗಿದ್ರೆ ಹಾಲೇ ಕುಡೀಲಿ" ಎಂದರು. ಆ ವಾದದಲ್ಲಿ ನಾನು ಗೆಲ್ಲಲಿಲ್ಲ.

ಸಕ್ಕರೆ ಕಾಯಿಲೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದು ಚೆನ್ನಾಗಿ ಹೋಯಿತು. ಆಸ್ಪತ್ರೆಯಿಂದ ಬರುವಾಗಲೇ ಇನ್ಸುಲಿನ್ ನಿಂತಿತ್ತು. ಬಿಪಿ ಮಾತ್ರೆ ಹಳೆಯ ಅಳತೆಯಲ್ಲೇ ಮುಂದುವರಿದಿತ್ತು, ಮೂರನೇ ವಾರ ಎದ್ದು ನಿಂತಾಗ ಕಣ್ಣು ಕತ್ತಲೆ ಬಂದಿತು. ಊರಿನ ಡಾಕ್ಟರು ನೋಡಿ ಒಂದು ಮಾತ್ರೆ ತೆಗೆದರು. ಆಪರೇಷನ್ ಆದವರ ಬಿಪಿ, ಶುಗರ್ ಮಾತ್ರೆಗಳನ್ನು ಮೊದಲ ತಿಂಗಳುಗಳಲ್ಲಿ ಮತ್ತೆ ಮತ್ತೆ ನೋಡುತ್ತಿರಬೇಕು.

ಅನ್ನ ಸಿಕ್ಕಿಕೊಂಡದ್ದು

ಜೂನ್. ಆರೂವರೆ ವಾರ ಆಗಿತ್ತು. ಮಳೆ ಹಿಡಿದಿತ್ತು, ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಅಕ್ಕನ ಫೋನ್ ಬರಲಿಲ್ಲ ಅಂತ ನಾನೇ ಮಾಡಿದೆ. ಮಗಳು ಎತ್ತಿಕೊಂಡಳು. ಹಾಸ್ಟೆಲಿನಿಂದ ಬಂದವಳು ಮಳೆ ರಜೆ ಅಂತ ಮನೆಯಲ್ಲೇ ಇದ್ದಳು. "ಅಮ್ಮ ದಿನಾ ವಾಂತಿ ಮಾಡ್ಕೋತಾರೆ. ಹಿತ್ತಲಿಗೆ ಹೋಗಿ ಮಾಡ್ಕೊಂಡು ಬರ್ತಾರೆ. ಯಾರಿಗೂ ಹೇಳ್ಬೇಡ ಅಂದಿದಾರೆ."

ಎಷ್ಟು ದಿನದಿಂದ? ಒಂಬತ್ತು.

ಮೊದಲ ದಿನ ಎದೆಯ ನಡುವೆ ಏನೋ ಸಿಕ್ಕಿಕೊಂಡ ಹಾಗೆ ನೋವು, ಬಾಯಿ ತುಂಬ ನೊರೆ ಎಂಜಲು. ಉಂಡದ್ದು ಮೇಲೆ ಬಂದ ಮೇಲೆ ಆರಾಮ. ತಿಂದದ್ದು ಏನೆಂದು ಕೇಳಿದರೆ ಬೆಂದು ಮೆತ್ತಗಾದ ಅನ್ನ. ನಮಗೆಲ್ಲ ಅನ್ನವೇ ತೀರಾ ಹಗುರದ ಊಟ. ಜ್ವರ ಬಂದವರಿಗೂ ಅನ್ನ, ಮಗುವಿಗೂ ಅನ್ನ. ಆದರೆ ಬೈಪಾಸ್ ಆದವರ ಪುಟ್ಟ ಚೀಲದಲ್ಲಿ ಅಂಟು ಅನ್ನ ಉಂಡೆಯಾಗಿ ಕೂತುಬಿಡುತ್ತದೆ. ಬ್ರೆಡ್ಡೂ ಹಾಗೇ. ಅಗಿಯದೆ ನುಂಗಿದರೆ ಇನ್ನೂ ಕಷ್ಟ.

ನನಗೆ ಹೆದರಿಕೆಯಾದದ್ದು ಅನ್ನಕ್ಕಲ್ಲ, ಒಂಬತ್ತು ದಿನಕ್ಕೆ. ಬಿ1 ಜೀವಸತ್ವ, ಅಂದರೆ ಥಯಾಮಿನ್, ದೇಹದಲ್ಲಿ ಎರಡು ಮೂರು ವಾರಕ್ಕೆ ಸಾಲುವಷ್ಟು ಮಾತ್ರ ಕೂಡಿಟ್ಟಿರುತ್ತದೆ. ವಾಂತಿ ಮುಂದುವರಿದರೆ ಬರಿದಾಗುತ್ತದೆ. ಆಮೇಲೆ ನಡಿಗೆ ತೂಗಾಡುತ್ತದೆ, ಕಣ್ಣು ಓಲಾಡುತ್ತದೆ, ಮಾತು ಮರೆವು ಗೊಂದಲ. ತಡವಾದರೆ ನೆನಪು ಪೂರ್ತಿ ಮರಳದೆಯೂ ಹೋಗಬಹುದು. ಇನ್ನೊಂದು ಅಪಾಯ ನಮ್ಮ ಊರುಗಳದ್ದೇ. ಸುಸ್ತು ಅಂದರೆ "ಒಂದು ಬಾಟ್ಲು ಹಾಕಿಸಿ" ಎನ್ನುತ್ತೇವೆ. ಬಿ1 ಇಲ್ಲದ ದೇಹಕ್ಕೆ ಬರೀ ಗ್ಲೂಕೋಸ್ ಹರಿಸಿದರೆ ಉಳಿದ ಚೂರು ಬಿ1 ಕೂಡ ಖರ್ಚಾಗಿ ಪರಿಸ್ಥಿತಿ ಕೆಡುತ್ತದೆ. ಮೊದಲು ಬಿ1 ಇಂಜೆಕ್ಷನ್, ಆಮೇಲೆ ಗ್ಲೂಕೋಸ್.

"ಪಾದ ಜುಮ್ಮೆನ್ನುತ್ತಾ?" ಎಂದು ಕೇಳಿಸಿದೆ. ಸ್ವಲ್ಪ ಅಂದರು. ನಾನು ಬೆಂಗಳೂರಿನ ಸರ್ಜನ್‌ಗೆ ಫೋನ್ ಮಾಡಿದೆ. ಅವರು ತಡ ಮಾಡಬೇಡಿ ಅಂದರು. ಅದೇ ಸಂಜೆ ಮಳೆಯಲ್ಲೇ ಜೀಪು ಮಾಡಿಕೊಂಡು ಶಿವಮೊಗ್ಗಕ್ಕೆ ಬಂದರು. ಬಿ1 ಹೋಯಿತು, ಆಮೇಲೆ ದ್ರವ ಹೋಯಿತು. ಮಾರನೇ ದಿನ ಎಂಡೋಸ್ಕೋಪಿ. ಜೋಡಣೆಯ ಜಾಗ ಕಿರಿದಾಗಿದೆಯಾ ಎನ್ನುವುದು ಅನುಮಾನ, ಈ ಹೊತ್ತಿನಲ್ಲಿ ಹಾಗಾಗುವುದುಂಟು. ಕಿರಿದಾಗಿರಲಿಲ್ಲ. ಎಲ್ಲ ಸರಿಯಾಗಿತ್ತು.

ಎಲ್ಲ ಸರಿಯಾಗಿದ್ದರೆ ವಾಂತಿ ಯಾಕೆ? ಅದಕ್ಕೆ ಉತ್ತರ ಆಸ್ಪತ್ರೆಯಲ್ಲಿ ಇರಲಿಲ್ಲ. ಹತ್ತು ದಿನ ಬಿಟ್ಟು ನಾನು ಅವರ ಮನೆಗೇ ಹೋದೆ. ಅಡುಗೆಮನೆಯ ಬಾಗಿಲ ಹತ್ತಿರ ಮಣೆ ಹಾಕಿಕೊಂಡು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಸುಮ್ನೆ ಕೂತೆ.

ಐದೂವರೆಗೆ ಒಲೆ. ಕೊಟ್ಟಿಗೆ ಕೆಲಸ. ದೋಸೆ ಎಂಟು ಗಂಟೆಗೆ, ಒಬ್ಬೊಬ್ಬರಿಗೆ ಒಂದೊಂದು ಹೊತ್ತಿಗೆ. ಹನ್ನೆರಡೂವರೆಗೆ ಅತ್ತೆಯ ಊಟ. ಒಂದೂಕಾಲಿಗೆ ಗಂಡ. ಒಂದೂಮುಕ್ಕಾಲಿಗೆ ಆಳುಗಳು. ಎರಡೂವರೆಗೆ ಪಾತ್ರೆ ಒಳಗೆ ಬಂತು. ಎರಡೂಮುಕ್ಕಾಲಿಗೆ ಅಕ್ಕ ತಟ್ಟೆಗೆ ಸ್ವಲ್ಪ ಅನ್ನ, ಮೊಸರು ಹಾಕಿಕೊಂಡು, ಕಟ್ಟೆಗೆ ಒರಗಿ ನಿಂತೇ ಕಲಸಿದರು. ಕಲಸುವಾಗಲೇ ಹೊರಗಿನಿಂದ ಯಾರೋ ಕರೆದರು. ನಾನು ಗಡಿಯಾರ ನೋಡಿದೆ. ನಾಲ್ಕು ನಿಮಿಷ.

ಹದಿನಾಲ್ಕು ಸೂಚನೆಗಳಲ್ಲಿ ಹದಿಮೂರನ್ನು ಆ ಹೆಂಗಸು ಅಕ್ಷರಕ್ಕೆ ಅಕ್ಷರ ಪಾಲಿಸಿದ್ದರು. ಹದಿನಾಲ್ಕನೆಯದು ಅವರ ಕೈಯಲ್ಲಿರಲಿಲ್ಲ. ಅರ್ಧ ಗಂಟೆ ಅನ್ನುವುದು ಆ ಮನೆಯ ದಿನಚರಿಯಲ್ಲಿ ಅವರಿಗೆ ಅಂತ ಇರಲೇ ಇಲ್ಲ. ಮನೆಯಲ್ಲಿ ಯಾರು ಯಾವಾಗ ಉಣ್ಣುತ್ತಾರೆ ಎಂದು ನಾನು ಮೊದಲ ದಿನವೇ ಕೇಳಬೇಕಿತ್ತು. ನಕ್ಕು ಹಾಳೆ ತಿರುಗಿಸಿದ್ದೆ.

ದಾರಿ ತೋರಿಸಿದ್ದು ನಾನಲ್ಲ, ಮಗಳು. ಅಜ್ಜಿಗೆ ಹಲ್ಲಿನ ಸೆಟ್ಟು. ಅವರು ಒಂದು ಹಿಡಿ ಅನ್ನ ಉಣ್ಣಲು ಅರ್ಧ ಗಂಟೆ ಬೇಕು. "ಅಮ್ಮ, ಅಜ್ಜಿ ಜೊತೆ ಕೂತ್ಕೊಳ್ಳಿ. ಅಜ್ಜಿ ಏಳೋವರೆಗೂ ಏಳಬೇಡಿ, ಅಷ್ಟೇ."

ಅತ್ತೆ ಒಪ್ಪಲಿಲ್ಲ. ಗಂಡಸರು ಉಣ್ಣುವ ಮೊದಲು ಸೊಸೆ ಎಲೆ ಹಾಕಿಕೊಂಡು ಕೂರುವುದಾ? ತಾವೂ ನಲವತ್ತು ವರ್ಷ ಕೊನೆಗೆ ಉಂಡವರೇ. ಹಲ್ಲು ಹೋದಮೇಲಷ್ಟೇ ಬೇಗ ಕೂರುತ್ತಿದ್ದರು. ಅಷ್ಟು ಹೊತ್ತೂ ಮಾತಾಡದೆ ಇದ್ದ ಗಂಡ ಜಗಲಿಯಿಂದಲೇ ಅಂದರು: "ಅಬ್ಬೆ, ಅದನ್ನ ಊಟ ಅಂದ್ಕೋಬೇಡ. ಔಷಧಿ ಅಂದ್ಕೋ. ಔಷಧಿ ಹೊತ್ತಿಗೆ ತಗೊಳ್ಳದೆ ಆಗ್ತದಾ?"

ಅಲ್ಲಿಗೆ ಮುಗಿಯಿತು. ಹನ್ನೆರಡೂವರೆಗೆ ಇಬ್ಬರ ಎಲೆ. ನನಗೆ ಇದರ ಬಗ್ಗೆ ಇವತ್ತಿಗೂ ಸ್ವಲ್ಪ ಕಸಿವಿಸಿ ಇದೆ. ಹಸಿವಾಯ್ತು ಅಂತ ಇಪ್ಪತ್ತೆರಡು ವರ್ಷದಲ್ಲಿ ಸಿಗದ ಜಾಗ, ಔಷಧಿ ಅಂದ ತಕ್ಷಣ ಸಿಕ್ಕಿತು. ಆದರೆ ಆ ದಿನ ಅದನ್ನು ವಾದ ಮಾಡಲು ನಾನು ಹೋಗಿರಲಿಲ್ಲ. ವಾಂತಿ ಒಂದೇ ವಾರದಲ್ಲಿ ನಿಂತಿತು. ಅನ್ನದ ಬದಲು ಮೊದಲು ಬೇಳೆ, ಪಲ್ಯ, ಕೊನೆಗೆ ಹಿಡಿಸಿದರೆ ಎರಡು ತುತ್ತು ಅನ್ನ ಎಂದು ಕ್ರಮ ತಿರುಗಿಸಿದೆವು.

ಇನ್ನೊಂದು ಕ್ರಮವೂ ತಿರುಗಬೇಕಾಯಿತು. ಊಟದ ಜೊತೆ ನೀರು, ಮಜ್ಜಿಗೆ ಕುಡಿಯುವ ಹಾಗಿಲ್ಲ, ಉಂಡು ಅರ್ಧ ಗಂಟೆ ಆದಮೇಲೆ ಕುಡಿಯಬೇಕು. ಮಜ್ಜಿಗೆ ಅನ್ನ ಇಲ್ಲದೆ ಊಟ ಮುಗಿದ ಹಾಗೆಯೇ ಆಗಲ್ಲ ನಮಗೆ. ಅಕ್ಕ ಮಜ್ಜಿಗೆಯನ್ನು ಸಂಜೆ ನಾಲ್ಕಕ್ಕೆ ಸಾಗಿಸಿದರು. ದಿನಕ್ಕೆ ಒಂದೂವರೆ ಲೀಟರ್ ದ್ರವ, ಗುಟುಕು ಗುಟುಕಾಗಿ. ಆ ಚಳಿ ಮಳೆಯಲ್ಲಿ ಬಾಯಾರಿಕೆಯೇ ಆಗುವುದಿಲ್ಲ, ಹಾಗಾಗಿ ಒಂದು ತಂಬಿಗೆ ಬಿಸಿನೀರು ಒಲೆ ಪಕ್ಕ ಇಟ್ಟುಕೊಂಡು ದಿನಕ್ಕೆ ಎಷ್ಟು ಸಲ ಖಾಲಿಯಾಯಿತು ಎಂದು ಗೋಡೆಗೆ ಇದ್ದಿಲಲ್ಲಿ ಗೆರೆ ಎಳೆಯುತ್ತಿದ್ದರು.

ಕೂದಲು, ಮಾತ್ರೆ, ಜನರ ಬಾಯಿ

ಆಗಸ್ಟ್ ಹೊತ್ತಿಗೆ 86 ಕಿಲೋ. ಗೊರಕೆ ನಿಂತಿತ್ತು. ಬಾವಿಕಟ್ಟೆಯ ಮೆಟ್ಟಿಲು ಹತ್ತುವಾಗ ಮಂಡಿ ಹಿಡಿಯುತ್ತಿರಲಿಲ್ಲ. ಖುಷಿಯಾಗಿರಬೇಕಿತ್ತು. ಆದರೆ ಆ ತಿಂಗಳು ಕೂದಲು ಉದುರಲು ಶುರುವಾಯಿತು. ಗಣಪತಿ ಹಬ್ಬಕ್ಕೆ ಜಡೆ ಹಾಕಿಕೊಳ್ಳಲು ಕೂತು ಅತ್ತರಂತೆ. ತೂಕ ಭರದಿಂದ ಇಳಿದಾಗ ಕೂದಲು ಒಟ್ಟಿಗೆ ವಿಶ್ರಾಂತಿಗೆ ಹೋಗಿ, ಮೂರು ನಾಲ್ಕು ತಿಂಗಳ ಮೇಲೆ ಉದುರುತ್ತದೆ. ಬೇರು ಹೋಗಿರುವುದಿಲ್ಲ, ಮತ್ತೆ ಬರುತ್ತದೆ. ಪ್ರೋಟೀನ್, ಕಬ್ಬಿಣ ಸರಿ ಇರಬೇಕು. ಇದನ್ನು ಮೊದಲೇ ಹೇಳಿದ್ದೆ. ಹೇಳಿದ್ದು ನೆನಪಿದ್ದರೂ ಬಾಚಣಿಗೆ ತುಂಬ ಬಂದಾಗ ಯಾರಿಗೆ ತಡೆಯುತ್ತದೆ?

ಮಾತ್ರೆಗಳದ್ದು ಬೇರೆಯೇ ಪಂಚಾಂಗ. ಬೈಪಾಸಿನಲ್ಲಿ ಕಬ್ಬಿಣ, ಸುಣ್ಣ ಹೀರುವ ಕರುಳಿನ ಭಾಗವೇ ತಪ್ಪಿಹೋಗುವುದರಿಂದ ಮಾತ್ರೆ ಜೀವನಪೂರ್ತಿ. ಮಲ್ಟಿವಿಟಮಿನ್, ಬಿ12, ಡಿ3, ಕಬ್ಬಿಣ, ಕ್ಯಾಲ್ಸಿಯಂ ಸಿಟ್ರೇಟ್. ಕ್ಯಾಲ್ಸಿಯಂ ದಿನಕ್ಕೆ 1200ರಿಂದ 1500 ಮಿಲಿಗ್ರಾಂ, ಒಮ್ಮೆಗೆ 500ರ ಮೇಲೆ ಹಿಡಿಯುವುದಿಲ್ಲ, ಹಾಗಾಗಿ ಮೂರು ಸಲ. ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ನಡುವೆ ಎರಡು ಗಂಟೆ. ಕಬ್ಬಿಣದ ಜೊತೆ ಕಾಫಿ, ಚಹಾ ಬೇಡ, ಹಾಲು ಹಾಕಿದ ಕಷಾಯವೂ ಬೇಡ. ನಮ್ಮ ಮನೆಗಳಲ್ಲಿ ಇವು ಮೂರೂ ಇಲ್ಲದ ಎರಡು ಗಂಟೆ ಹುಡುಕುವುದೇ ಕಷ್ಟ. ಕೊನೆಗೆ ಕಬ್ಬಿಣವನ್ನು ರಾತ್ರಿ ಮಲಗುವಾಗ ನಿಂಬೆ ಹಿಂಡಿದ ನೀರಿನ ಜೊತೆ ಇಟ್ಟೆವು.

ಜನ ಸುಮ್ಮನಿರಲಿಲ್ಲ. ಊರಿಗೆ ಹೇಳಿದ್ದು "ಪಿತ್ತಕೋಶದ ಕಲ್ಲಿನ ಆಪರೇಷನ್" ಎಂದು. ಮೊದಲು "ಸಣ್ಣ ಆಗಿದೀರಿ" ಅಂದವರು ಆಮೇಲೆ ಗಂಡನನ್ನು ಪಕ್ಕಕ್ಕೆ ಕರೆದು "ಡಾಕ್ಟ್ರು ಏನಾದ್ರೂ ಬೇರೆ ಹೇಳಿದಾರಾ?" ಎಂದು ಪಿಸುಗುಟ್ಟತೊಡಗಿದರು. ಒಬ್ಬರು ಕ್ಯಾನ್ಸರ್ ಅಂತಲೇ ನಿರ್ಧಾರ ಮಾಡಿ ನಾಟಿ ಔಷಧಿಯ ವಿಳಾಸ ತಂದುಕೊಟ್ಟರು. ನಮ್ಮ ಕಡೆ ದಪ್ಪ ಇರುವುದು ಸುಖದ ಲಕ್ಷಣ, ಇಳಿದರೆ ಕಾಯಿಲೆ.

ಆ ಸುಳ್ಳು ಡಿಸೆಂಬರಿನಲ್ಲಿ ನಿಜವಾಯಿತು. ತೂಕ ಬೇಗ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲಾಗುವುದು ಸಾಮಾನ್ಯ. ಅದನ್ನು ತಡೆಯಲು ಆರು ತಿಂಗಳು ಒಂದು ಮಾತ್ರೆ ಕೊಟ್ಟಿದ್ದರು. ಮಾತ್ರೆ ಜಾಸ್ತಿಯಾಯ್ತು ಅಂತ ಅಕ್ಕ ಮೂರನೇ ತಿಂಗಳಿಗೇ ಅದನ್ನು ಬಿಟ್ಟಿದ್ದರು. ಬಲಪಕ್ಕೆ ನೋವು, ಸ್ಕ್ಯಾನು, ಕಲ್ಲು, ಮತ್ತೊಂದು ಆಪರೇಷನ್. "ಈಗ ಊರಿಗೆ ಎಂತ ಹೇಳೋದು ಮೇಡಂ? ಎರಡು ಪಿತ್ತಕೋಶ ಇತ್ತು ಅನ್ನೋದಾ?"

ಅದೇ ಕೊಯ್ಲಿನ ಹೊತ್ತಿನಲ್ಲಿ ಸ್ವಲ್ಪದರಲ್ಲಿ ತಪ್ಪಿದ್ದು ಇನ್ನೊಂದಿದೆ. ಅಡಿಕೆ ಸುಲಿಯುವ ಕಡೆ ಸೊಂಟನೋವಿನ ಮಾತ್ರೆ ಒಂದು ಡಬ್ಬಿಯಲ್ಲಿ ಎಲ್ಲರಿಗೂ ಅಂತ ಇರುತ್ತದೆ. ಅಕ್ಕ ಅದರಿಂದ ಎರಡು ದಿನ ನುಂಗಿದ್ದರು. ಬೈಪಾಸ್ ಆದವರಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯ ಮಾತ್ರೆ ಜೋಡಣೆಯ ಜಾಗದಲ್ಲಿ ಹುಣ್ಣು ಮಾಡುತ್ತವೆ. ಪ್ಯಾರಾಸಿಟಮಾಲ್ ಆದೀತು. ಹಾಳೆಯಲ್ಲಿ ಅದು "ಎನ್‌ಎಸ್‌ಎಐಡಿ ಬೇಡ" ಎಂದಿತ್ತು. ಯಾರಿಗೆ ಅರ್ಥವಾಗಬೇಕು?

ಉಪನಯನದ ಮನೆ

ಹತ್ತನೇ ತಿಂಗಳು ನೆಂಟರ ಮನೆಯಲ್ಲಿ ಉಪನಯನ. ಅಕ್ಕ ಸಮಾರಂಭದ ಎಲೆಯ ಮುಂದೆ ಕೂತದ್ದು ಆಪರೇಷನ್ ಆದಮೇಲೆ ಅದೇ ಮೊದಲು. ಬಡಿಸುವವರಿಗೆ ಬೇಡ ಅನ್ನುವ ಭಾಷೆ ಗೊತ್ತಿಲ್ಲ. ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದ ಬಡಿಸುತ್ತಾರೆ. ಎಲೆಯಲ್ಲಿ ಬಿಟ್ಟರೆ ಮನೆಯವರಿಗೆ ಅವಮಾನ. ಅರ್ಧ ಕಾಯಿ ಹೋಳಿಗೆ, ಮೇಲೆ ತುಪ್ಪ, ಎರಡು ಚಮಚ ಪಾಯಸ ಒಳಗೆ ಹೋಯಿತು.

ಹದಿನೈದು ನಿಮಿಷಕ್ಕೆ ಎದೆ ಹೊಡೆದುಕೊಳ್ಳತೊಡಗಿತು. ಮೈ ಬೆವರು, ತಲೆ ಸುತ್ತು, ಹೊಟ್ಟೆ ಹಿಂಡಿ ಭೇದಿ. ಮಲಗಿಸಿ ಗಾಳಿ ಹಾಕಿದರು. ಯಾರೋ ದೃಷ್ಟಿ ತೆಗೆದರು. ಸಿಹಿ ಒಮ್ಮೆಲೇ ಕರುಳಿಗೆ ಇಳಿದಾಗ ಅದು ಸುತ್ತಲಿನ ರಕ್ತದಿಂದ ನೀರನ್ನು ಎಳೆದುಕೊಳ್ಳುತ್ತದೆ. ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಮೊದಲಾಗಿದ್ದರೆ ಹೊಟ್ಟೆಯ ಬಾಗಿಲು ಸ್ವಲ್ಪ ಸ್ವಲ್ಪವೇ ಬಿಡುತ್ತಿತ್ತು. ಬೈಪಾಸಿನಲ್ಲಿ ಆ ಬಾಗಿಲೇ ದಾರಿಯಲ್ಲಿಲ್ಲ. ಕೆಲವರಿಗೆ ಒಂದರಿಂದ ಮೂರು ಗಂಟೆಯ ಮೇಲೆ ಸಕ್ಕರೆ ಇಳಿದು ನಡುಗುವುದೂ ಇದೆ. ಅಕ್ಕನಿಗೆ ಅದು ಆಗಲಿಲ್ಲ.

ನಾನು ಬೈಯುತ್ತೇನೆ ಅಂದುಕೊಂಡು ಎರಡು ವಾರ ಫೋನ್ ಮಾಡಿರಲಿಲ್ಲ. ಆಮೇಲೆ ಹೇಳಿದ್ದು ಬೇರೆಯೇ. "ತಿಂದಿದ್ದಕ್ಕೆ ಬೇಜಾರಿಲ್ಲ ಮೇಡಂ. ಮೊದಲೆಲ್ಲ ಮಳೆಗಾಲದ ಸಂಜೆ ಕೆಲಸ ಮುಗಿದ ಮೇಲೆ ಹಲಸಿನ ಹಪ್ಪಳ ಸುಟ್ಕೊಂಡು, ಕಾಯಿ ತುರ್ಕೊಂಡು, ಜೋನಿ ಬೆಲ್ಲ ಇಟ್ಕೊಂಡು ಒಬ್ಬಳೇ ಕೂರ್ತಿದ್ದೆ. ಆ ಒಂದು ಗಂಟೆ ನಂದು. ಅದು ಹೋಯ್ತು. ಈಗ ಆ ಹೊತ್ತಿಗೆ ಎಂತ ಮಾಡ್ಬೇಕು ಅಂತ ಗೊತ್ತಾಗಲ್ಲ."

ನನ್ನ ಚಾರ್ಟಿನಲ್ಲಿ ಇದಕ್ಕೆ ಜಾಗ ಇರಲಿಲ್ಲ. ಹಸಿವು ಕಡಿಮೆಯಾಗಿತ್ತು, ಆ ಗಂಟೆ ಹಾಗೇ ಉಳಿದಿತ್ತು. ವಾಕಿಂಗ್ ಮಾಡಿ ಅಂದೆ, ಅದು ಸುಲಭದ ಉತ್ತರ. ಆಪ್ತಸಲಹೆಗಾರರ ಹತ್ತಿರ ಕಳಿಸಿದೆ, ಎರಡು ಸಲ ಹೋಗಿ ನಿಲ್ಲಿಸಿದರು. ನಿಧಾನವಾಗಿ ಆ ಹೊತ್ತಿಗೆ ಹೂವಿನ ಗಿಡಗಳು ಬಂದವು, ಡೇರೆ ಹೂವಿನ ಗೆಡ್ಡೆ ಅದಲು ಬದಲು ಮಾಡುವ ಮೂರು ನಾಲ್ಕು ಜನ ಗೆಳತಿಯರು ಬಂದರು. ಹಪ್ಪಳವೂ ಪೂರ್ತಿ ಹೋಗಲಿಲ್ಲ. ಒಂದು ಹಪ್ಪಳ, ಸುಟ್ಟದ್ದು, ಬೆಲ್ಲ ಇಲ್ಲದೆ. ನಾನು ಅದಕ್ಕೆ ಬೇಡ ಅನ್ನಲಿಲ್ಲ.

ಹದಿನೆಂಟನೇ ತಿಂಗಳು

ಅಕ್ಟೋಬರಿನಲ್ಲಿ ಬಂದಾಗ ತೂಕ 74 ಕಿಲೋ. ಬೇಸಿಗೆಯ ಕೊನೆಯಲ್ಲಿ 72 ಇತ್ತು, ಮಳೆಗಾಲದಲ್ಲಿ ಎರಡು ಏರಿತ್ತು. ಅಕ್ಕ ಗಾಬರಿಯಾಗಿದ್ದರು, ಹಳೆಯ ಮೂರು ಸಲದ ನೆನಪು. ಒಂದೂವರೆ ವರ್ಷದ ಹೊತ್ತಿಗೆ ಇಳಿಯುವುದು ನಿಂತು ಸ್ವಲ್ಪ ಮೇಲೆ ಬರುವುದು ಹೆಚ್ಚಿನವರಿಗೆ ಆಗುತ್ತದೆ. ಎಚ್‌ಬಿಎ1ಸಿ 6.1, ಒಂದು ಮಾತ್ರೆ ಉಳಿದಿದೆ. ಏಳು ವರ್ಷದ ಕಾಯಿಲೆ, ಇನ್ಸುಲಿನ್ ಹಿಡಿದಿದ್ದು. ಪೂರ್ತಿ ಹೋಗುತ್ತದೆ ಅಂತ ನಾನು ಹೇಳಿರಲಿಲ್ಲ. ಬಿಪಿಗೆ ಈಗ ಮಾತ್ರೆ ಇಲ್ಲ. ಕೂದಲು ಮರಳಿದೆ, ಹಣೆಯ ಅಂಚಿನಲ್ಲಿ ಮೋಟು ಮೋಟಾಗಿ.

ಸರಿಯಾಗದೆ ಉಳಿದದ್ದೂ ಇದೆ. ಹಿಮೋಗ್ಲೋಬಿನ್ 9.8. ಮಾತ್ರೆಯಿಂದ ಏರುತ್ತಿಲ್ಲ, ಮುಟ್ಟಿನಲ್ಲಿ ಜಾಸ್ತಿ ಹೋಗುತ್ತದೆ, ಹಾಗಾಗಿ ಕಬ್ಬಿಣವನ್ನು ರಕ್ತನಾಳಕ್ಕೇ ಕೊಡಿಸುವುದು ಅಂತಾಗಿದೆ. ಹೊಟ್ಟೆಯ ಚರ್ಮ ಜೋತುಬಿದ್ದು, ಮಡಿಕೆಗಳಲ್ಲಿ ಮಳೆಗಾಲ ಪೂರ್ತಿ ತುರಿಕೆ, ಹುಣ್ಣು. ಒಣಗದ ಸೀರೆ, ತೇವದ ಗಾಳಿ. ಚರ್ಮ ತೆಗೆಸುವ ಆಪರೇಷನ್ ಬಗ್ಗೆ ಕೇಳಿದರು. ವಿಮೆ ಸಿಗುವುದು ಕಷ್ಟ, ತೂಕ ಒಂದು ವರ್ಷ ಒಂದೇ ಕಡೆ ನಿಲ್ಲಲಿ ಅಂದೆ. ಅಲ್ಲಿಯವರೆಗೆ ಮಡಿಕೆಗೆ ಹತ್ತಿ ಬಟ್ಟೆ, ಡಾಕ್ಟರು ಕೊಟ್ಟ ಪುಡಿ.

ಆ ದಿನ ಅತ್ತೆಯೂ ಜೊತೆಗೆ ಬಂದಿದ್ದರು. ಹಲ್ಲಿನ ಸೆಟ್ಟು ಸಡಿಲವಾಗಿದೆಯಂತೆ, ಶಿವಮೊಗ್ಗದಲ್ಲಿ ಹೊಸದು ಮಾಡಿಸಬೇಕು. ನಾನು ತಮಾಷೆಗೆ, "ಗಟ್ಟಿ ಸೆಟ್ಟು ಬಂದ್ರೆ ನೀವು ಹತ್ತೇ ನಿಮಿಷಕ್ಕೆ ಉಂಡು ಏಳ್ತೀರಿ ಅಜ್ಜಿ, ಆಮೇಲೆ ಇವರ ಗತಿ ಏನು?" ಅಂದೆ.

"ನಾನು ಏಳಲ್ಲ" ಅಂದರು ಅವರು. ಆಮೇಲೆ ಸೊಸೆಯ ಕಡೆ ತಿರುಗಿ, "ಆದ್ರೂ ಇವಳು ಉಣ್ಣೋದು ಎಂತದೂ ಸಾಲಲ್ಲ. ಅದನ್ನ ನೀವು ಬರ್ಕೊಳ್ಳಿ."

ಬರೆದುಕೊಂಡಿದ್ದೇನೆ. ಮುಂದಿನ ರಕ್ತ ಪರೀಕ್ಷೆ ಕೊಯ್ಲು ಮುಗಿದ ಮೇಲೆ, ಫೆಬ್ರುವರಿಯಲ್ಲಿ.